ಬೆಂಗಳೂರಿನ ಚಳಿಗೆ ಗಿಡಗಳು ನಿದ್ದೆ ಹೋಗುತ್ತವೆಯೇ?

ನವೆಂಬರ್ ಕೊನೆಯ ವಾರ ಬಂದರೆ ಸಾಕು, ಕೈತೋಟದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಚಳಿಗಾಲದಲ್ಲಿ ಗೊಬ್ಬರ ನಿಲ್ಲಿಸಿ. ರಾತ್ರಿ ಹೊತ್ತು ಗಿಡಗಳಿಗೆ ಪ್ಲಾಸ್ಟಿಕ್ ಹೊದಿಸಿ. ಗುಲಾಬಿಗೆ ಫೆಬ್ರವರಿ ಮುಗಿಯುವವರೆಗೆ ಕತ್ತರಿ ಹಾಕಬೇಡಿ. ಬೀಜ ಬಿತ್ತುವುದನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ. ಪಟ್ಟಿ ಅಚ್ಚ ಕನ್ನಡದಲ್ಲಿರುತ್ತದೆ, ಕೊನೆಯಲ್ಲಿ ಕೈಮುಗಿಯುವ ಚಿಹ್ನೆಯೂ ಇರುತ್ತದೆ. ಆದರೆ ಅದು ಹುಟ್ಟಿದ್ದು ನೆಲವೇ ಹೆಪ್ಪುಗಟ್ಟುವ ಯಾವುದೋ ಊರಿನಲ್ಲಿ.

ಈ ಸಲಹೆಗಳು ಸುಳ್ಳಲ್ಲ ಎಂಬುದೇ ಇಲ್ಲಿನ ತೊಡಕು. ಟೊರಾಂಟೊದಲ್ಲಿರುವ ಕನ್ನಡದ ಮನೆಗಳಿಗೆ ಇವು ಅಕ್ಷರಶಃ ಬೇಕು. ಅಲ್ಲಿ ಮೊದಲ ಹಿಮ ಬೀಳುವ ಮುನ್ನ ತುಳಸಿ, ಕರಿಬೇವಿನ ಕುಂಡಗಳನ್ನು ಒಳಗೆ ತರದಿದ್ದರೆ ಒಂದೇ ರಾತ್ರಿಗೆ ಕಥೆ ಮುಗಿಯುತ್ತದೆ. ಸುಳ್ಳು ಸುದ್ದಿಯನ್ನು ಹಿಡಿಯಲು ನಾವೆಲ್ಲ ಸ್ವಲ್ಪ ಸ್ವಲ್ಪ ಕಲಿತಿದ್ದೇವೆ. ನಿಜವಾದ ಸಂಗತಿಯೊಂದು ತನ್ನ ಊರಿನ ಹೆಸರು ಕಳೆದುಕೊಂಡು ನಮ್ಮ ಮನೆಗೆ ಬಂದರೆ ಅದನ್ನು ಹಿಡಿಯುವುದು ಕಷ್ಟ. ಸಂವಹನ ಓದಿದವರಿಗೆ ಇದು ಹಳೆಯ ಪಾಠ, ಗಿಡ ಬೆಳೆಸುವವರಿಗೆ ಮಾತ್ರ ಪ್ರತಿ ವರ್ಷ ಹೊಸ ನಷ್ಟ.

ಹಾಗಾದರೆ ರಾಜಾಜಿನಗರದ ತಾರಸಿಯಲ್ಲಿ, ವಿಜಯನಗರದ ಬಾಲ್ಕನಿಯಲ್ಲಿ ಡಿಸೆಂಬರ್ ತಿಂಗಳು ಗಿಡಗಳಿಗೆ ಏನು ಮಾಡುತ್ತದೆ?

ಚಳಿ ಎಂದರೆ ಎಷ್ಟು ಚಳಿ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಕನಿಷ್ಠ ತಾಪಮಾನ ಸರಾಸರಿ 15-16 ಡಿಗ್ರಿ ಸೆಲ್ಸಿಯಸ್, ಹಗಲು 27ರ ಆಸುಪಾಸು. ನಗರದಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂದರೆ ಗಿಡದ ಕೋಶದೊಳಗಿನ ನೀರು ಮಂಜುಗಡ್ಡೆಯಾಗಿ ಕೋಶವನ್ನು ಸೀಳುವ ಸ್ಥಿತಿಯ ಹತ್ತಿರಕ್ಕೂ ಈ ಊರು ಹೋಗಿಲ್ಲ. ಕೆಂಗೇರಿಯಂಥ ಅಂಚಿನ ಬಡಾವಣೆಗಳಲ್ಲಿ, ಅದರಲ್ಲೂ ತಗ್ಗಿನ ಜಾಗಗಳಲ್ಲಿ, ಮುಂಜಾನೆ ಒಂದೆರಡು ಡಿಗ್ರಿ ಕಡಿಮೆ ಇರಬಹುದು. ತಣ್ಣನೆಯ ಗಾಳಿ ಭಾರ, ನೀರಿನಂತೆ ತಗ್ಗಿಗೆ ಇಳಿಯುತ್ತದೆ. ನಮಗೆ ಸ್ವೆಟರ್ ಬೇಕಾಗಬಹುದು, ಗಿಡಕ್ಕೆ ಹೊದಿಕೆ ಬೇಡ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರು ಕಟ್ಟಿ, ಶಿಲೀಂಧ್ರಕ್ಕೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ.

ಶೀತಪ್ರದೇಶದ ಗಿಡಗಳಿಗೆ ಚಳಿ ಶತ್ರುವೂ ಹೌದು, ಗಡಿಯಾರವೂ ಹೌದು. ಟುಲಿಪ್ ಗೆಡ್ಡೆ ಸರಿಯಾಗಿ ಹೂ ಬಿಡಬೇಕಾದರೆ 12ರಿಂದ 16 ವಾರ ಚಳಿಯಲ್ಲಿ, ಹೆಚ್ಚುಕಡಿಮೆ ಫ್ರಿಜ್ಜಿನೊಳಗಿನಷ್ಟು ತಂಪಿನಲ್ಲಿ, ಮಲಗಬೇಕು. ಹಳೆಯ ಸೇಬಿನ ತಳಿಗಳದ್ದೂ ಇದೇ ಕಥೆ. ಆನ್‌ಲೈನಿನಲ್ಲಿ ಟುಲಿಪ್ ಗೆಡ್ಡೆ ತರಿಸಿ ಬಸವೇಶ್ವರನಗರದ ಬಾಲ್ಕನಿಯಲ್ಲಿ ನೆಟ್ಟರೆ ಬರೀ ಎಲೆ ಬರುವುದು ಏಕೆಂದರೆ, ಅದರ ಗಡಿಯಾರಕ್ಕೆ ನಾವು ಕೀಲಿಯನ್ನೇ ಕೊಟ್ಟಿಲ್ಲ.

ನಮ್ಮಲ್ಲೂ ಈ ತಿಂಗಳುಗಳಲ್ಲಿ ಸುಸ್ತಾಗುವ ಗಿಡಗಳಿವೆ. ಕರಿಬೇವು ಚಿಗುರುವುದು ನಿಧಾನವಾಗುತ್ತದೆ. ಅಡೇನಿಯಂ ಎಲೆ ಉದುರಿಸುತ್ತದೆ, ಅದಕ್ಕೆ ನೀರು ಕಡಿಮೆ ಸಾಕು. ದುಂಡುಮಲ್ಲಿಗೆಗೂ ಇದು ವಿಶ್ರಾಂತಿಯ ಕಾಲ, ಡಿಸೆಂಬರಿನಲ್ಲಿ ಸವರಿ ಬಿಟ್ಟರೆ ಬೇಸಿಗೆ ಹೊತ್ತಿಗೆ ಮೊಗ್ಗು ತರುತ್ತದೆ. ಆದರೆ ತರಕಾರಿಗಳ ಮಟ್ಟಿಗೆ ಇದು ವರ್ಷದ ಅತ್ಯುತ್ತಮ ಕಾಲ. ಬಟಾಣಿ, ಕ್ಯಾರೆಟ್, ಮೂಲಂಗಿ, ನವಿಲುಕೋಸು, ಹೂಕೋಸು, ಪಾಲಕ್, ಕೊತ್ತಂಬರಿ ಎಲ್ಲವೂ ತಂಪನ್ನು ಬಯಸುವ ಬೆಳೆಗಳು. ಏಪ್ರಿಲಿನಲ್ಲಿ ಬಿತ್ತಿದ ಕೊತ್ತಂಬರಿ ನಾಲ್ಕು ಎಲೆ ಬಿಟ್ಟು ಹೂವಿಗೆ ಓಡುತ್ತದೆ, ನವೆಂಬರಿನಲ್ಲಿ ಬಿತ್ತಿದ್ದು ಪೊದೆಯಾಗುತ್ತದೆ. ಟೊಮ್ಯಾಟೊ ಕಾಯಿ ಕಟ್ಟಲು ರಾತ್ರಿ 15-20 ಡಿಗ್ರಿ ಹಿತ, ನಮ್ಮ ಮಾಗಿಯ ರಾತ್ರಿ ಅದರೊಳಗೇ ಬರುತ್ತದೆ. ಇಂಥ ಹೊತ್ತಿನಲ್ಲಿ ಗೊಬ್ಬರ ನಿಲ್ಲಿಸುವುದೆಂದರೆ ಓಡುವ ಮಗುವಿಗೆ ಊಟ ಬಿಡಿಸಿದಂತೆ.

ನಿಜವಾಗಿ ಬದಲಾಗುವುದು ಬಿಸಿಲು

ಡಿಸೆಂಬರಿನಲ್ಲಿ ಗಿಡ ಸೊರಗಿದರೆ ನಾವು ಚಳಿಯನ್ನು ಬೈಯುತ್ತೇವೆ. ಬೈಯಬೇಕಾದದ್ದು ಪಕ್ಕದ ಮನೆಯ ನೆರಳನ್ನು.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ, ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಆಚರಿಸುವುದು ಇದನ್ನೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಆದರೆ ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆ ಹೊತ್ತಿಗೆ 30 ಅಡಿ ಎತ್ತರದ ಮನೆಯ ನೆರಳು ಉತ್ತರಕ್ಕೆ 22 ಅಡಿ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ.

ಈಗ ಮೂವತ್ತು-ನಲವತ್ತರ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ನಮ್ಮ ಬೀದಿಗಳನ್ನು ನೆನಪಿಸಿಕೊಳ್ಳಿ. ದಕ್ಷಿಣಕ್ಕೆ ಮೂರಂತಸ್ತಿನ ಮನೆ ಇದ್ದರೆ, ಮೇ ತಿಂಗಳಲ್ಲಿ ಸುಡುಬಿಸಿಲು ಕಂಡ ಜಾಗ ಡಿಸೆಂಬರಿನಲ್ಲಿ ದಿನವಿಡೀ ನೆರಳು. ಉತ್ತರದ ಬಾಲ್ಕನಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ದಕ್ಷಿಣದ ಬಾಲ್ಕನಿಯದ್ದು ತದ್ವಿರುದ್ಧ: ಮೇ ತಿಂಗಳಲ್ಲಿ ಒಳಗೆ ಬಾರದ ಮಧ್ಯಾಹ್ನದ ಬಿಸಿಲು ಈಗ ಹಜಾರದವರೆಗೂ ಬರುತ್ತದೆ.

ಹಾಗಾಗಿ ಈ ಊರಿನ ಕೈತೋಟಕ್ಕೆ ಮಾಗಿಯಲ್ಲಿ ಒಂದೇ ಒಂದು ಕೆಲಸ ಆರಿಸಿಕೊಳ್ಳಿ ಎಂದರೆ ನಾನು ಕುಂಡಗಳ ಜಾಗ ಬದಲಿಸುವುದನ್ನೇ ಹೇಳುತ್ತೇನೆ. ರಜೆಯ ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಟೊಮ್ಯಾಟೊ, ಮೆಣಸಿನಕಾಯಿ, ಗುಲಾಬಿಗೆ ಮೊದಲ ಆಸನ. ಸೊಪ್ಪುಗಳು ಅರೆ ಬಿಸಿಲಿನಲ್ಲೂ ಹೊಂದಿಕೊಳ್ಳುತ್ತವೆ.

ಹಗಲಿನ ಉದ್ದವೂ ಬದಲಾಗುತ್ತದೆ, ಆದರೆ ಸ್ವಲ್ಪವೇ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು 8 ಗಂಟೆಗೂ ಕಡಿಮೆ, ಜೂನಿನದು ಹದಿನಾರೂವರೆ ಗಂಟೆ. ಬೆಂಗಳೂರಿನಲ್ಲಿ ಡಿಸೆಂಬರಿಗೆ ಸುಮಾರು 11 ಗಂಟೆ 20 ನಿಮಿಷ, ಜೂನಿಗೆ 12 ಗಂಟೆ 50 ನಿಮಿಷ. ಈ ಒಂದೂವರೆ ಗಂಟೆಯ ವ್ಯತ್ಯಾಸ ನಮಗೆ ಗೊತ್ತಾಗದಿದ್ದರೂ ಅವರೆಗೆ ಗೊತ್ತಾಗುತ್ತದೆ. ನಾಟಿ ಅವರೆ ರಾತ್ರಿ ಉದ್ದವಾದರೆ ಮಾತ್ರ ಹೂ ಬಿಡುವ ಗಿಡ. ಅದಕ್ಕೇ ಮಳೆಗಾಲದಲ್ಲಿ ಬಿತ್ತಿದ್ದು ಮಾಗಿಯಲ್ಲಿ ಕಾಯಿ ಕೊಡುತ್ತದೆ, ವಿ.ವಿ. ಪುರದ ಅವರೆಮೇಳವೂ ಈ ಹೊತ್ತಿಗೇ ನಡೆಯುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ನಾಟಿ ಬೀಜ ಹಾಕಿದರೆ ಬಳ್ಳಿ ಹಬ್ಬುತ್ತಲೇ ಹೋಗುತ್ತದೆ, ಹೂವಿಲ್ಲ. ವರ್ಷವಿಡೀ ಬೇಕೆನ್ನುವವರಿಗಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ತಲೆಕೆಡಿಸಿಕೊಳ್ಳದ ಹೆಬ್ಬಾಳ ಅವರೆ 3 ಮತ್ತು 4 ಎಂಬ ಗಿಡ್ಡ ತಳಿಗಳನ್ನು ಕೊಟ್ಟಿದೆ. ಸೊಗಡಿನ ವಿಷಯದಲ್ಲಿ ಮನೆಮನೆಗೂ ಜಗಳವಿದೆ, ನಾನು ಅದಕ್ಕೆ ಹೋಗುವುದಿಲ್ಲ.

ಸೇವಂತಿಗೆ, ಪಾಯಿನ್‌ಸೆಟಿಯಾಗಳೂ ಇದೇ ಜಾತಿಯ ಲೆಕ್ಕಿಗರು. ಇವು ಅಳೆಯುವುದು ಕತ್ತಲೆಯನ್ನು. ನಿಮ್ಮ ಬಾಲ್ಕನಿಯ ಎದುರಿಗೇ ಬೀದಿದೀಪವಿದ್ದು ಸೇವಂತಿಗೆ ಮೊಗ್ಗು ಬಿಡುತ್ತಿಲ್ಲ ಎಂದಾದರೆ ಗೊಬ್ಬರ ಸುರಿಯುವ ಮೊದಲು ಕುಂಡವನ್ನು ಕತ್ತಲಿರುವ ಮೂಲೆಗೆ ಸರಿಸಿ ನೋಡಿ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣಿಸಿದವರು ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರಬಹುದು. ಸೇವಂತಿಗೆ ಹೂವನ್ನು ತಮಗೆ ಬೇಕಾದ ಸಮಯದವರೆಗೆ ತಡೆಹಿಡಿಯಲು ರೈತರು ಮಾಡುವ ಉಪಾಯ ಅದು.

ತುಳಸಿ ಒಣಗಿದರೆ ಕೆಡುಕೇ?

ಉತ್ಥಾನ ದ್ವಾದಶಿಯ ಪೂಜೆ ಮುಗಿದ ಕೆಲವು ವಾರಗಳಿಗೆ ಎಷ್ಟೋ ಮನೆಗಳ ತುಳಸಿ ಒಣಗಲು ಶುರುವಾಗುತ್ತದೆ. ಮನೆಗೇನೋ ಕೆಡುಕು ಎಂದು ಹೆದರುವವರಿದ್ದಾರೆ, ಆ ಭಯವನ್ನು ಸೊಸೆಯ ತಲೆಗೆ ಕಟ್ಟುವವರೂ ಇದ್ದಾರೆ. ಕಾರಣಗಳು ಕುಂಡದಲ್ಲೇ ಇವೆ. ತುಳಸಿ ಬಹಳ ವರ್ಷ ಬಾಳುವ ಗಿಡವಲ್ಲ. ಮಳೆ ಮುಗಿದ ಮೇಲೆ ಕದಿರು ಬಿಟ್ಟು ಬೀಜ ಮಾಡುವುದರಲ್ಲಿ ತನ್ನ ಶಕ್ತಿ ಸುರಿಯುತ್ತದೆ, ತಂಪಿಗೆ ಚಿಗುರು ನಿಧಾನವಾಗುತ್ತದೆ. ಅದೇ ಹೊತ್ತಿಗೆ ನಾವು ಬೇಸಿಗೆಯಷ್ಟೇ ನೀರನ್ನು ದಿನಾ ಒಂದು ಚೊಂಬು ಸುರಿಯುತ್ತೇವೆ, ನೆಲ್ಲಿಕೊಂಬೆ ಚುಚ್ಚುವಾಗ ಬೇರಿಗೆ ಪೆಟ್ಟು ಕೊಡುತ್ತೇವೆ, ದೀಪವನ್ನು ಕಾಂಡದ ಪಕ್ಕದಲ್ಲೇ ಇಡುತ್ತೇವೆ. ಕೊಂಬೆಗೆ ಬೇರೆಯದೇ ಪುಟ್ಟ ಕುಂಡ, ದೀಪಕ್ಕೆ ಒಂದಡಿ ದೂರ, ನೀರಿಗೆ ಒಂದು ಉದ್ಧರಣೆ ಸಾಕು. ಕದಿರು ಒಣಗುವ ಮೊದಲೇ ಚಿವುಟಿ. ಒಂದೆರಡು ಕದಿರನ್ನು ಮಾತ್ರ ಬಲಿಯಲು ಬಿಟ್ಟರೆ ಬೀಜ ಸಿಗುತ್ತದೆ, ಹಳೆಯ ಗಿಡ ಹೋಗುವ ಹೊತ್ತಿಗೆ ಅದರದೇ ಸಸಿ ಸಿದ್ಧವಿರುತ್ತದೆ.

ಗುಲಾಬಿ, ಬೂದಿ ಮತ್ತು ಹಾಲು

ಯುರೋಪಿನಲ್ಲಿ ಗುಲಾಬಿಯನ್ನು ಚಳಿಗಾಲದ ಕೊನೆಗೆ ಸವರುವುದು ಏಕೆಂದರೆ, ಮೊದಲೇ ಸವರಿದರೆ ಎಳೆಚಿಗುರು ಹಿಮಕ್ಕೆ ಸಿಕ್ಕಿ ಸಾಯುತ್ತದೆ. ನಮ್ಮಲ್ಲಿ ಆ ಭಯವಿಲ್ಲ. ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ. ಮಳೆ ನಿಂತ ಅಕ್ಟೋಬರ್-ನವೆಂಬರಿನಲ್ಲಿ ಕತ್ತರಿ ಹಾಕಿದರೆ ವರ್ಷದ ಕೊನೆಗೆ, ಜನವರಿಗೆ ಒಳ್ಳೆಯ ಹೂ. ಪಟ್ಟಿ ನಂಬಿ ಫೆಬ್ರವರಿ ಕೊನೆಯವರೆಗೆ ಕಾದರೆ ಮೊಗ್ಗು ಏಪ್ರಿಲಿನ 34 ಡಿಗ್ರಿ ಬಿಸಿಲಿಗೆ ಸಿಕ್ಕಿ ಚಿಕ್ಕದಾಗಿ ಅರಳಿ ಬೇಗ ಬಾಡುತ್ತದೆ.

ಎಲೆಗಳ ಮೇಲೆ ಬಿಳಿ ಪುಡಿ ಕಂಡರೆ ಅದು ಇಬ್ಬನಿಯ ಕಲೆಯಲ್ಲ, ಬೂದಿ ರೋಗ. ತಂಪು ರಾತ್ರಿ, ಒಣ ಹಗಲು ಅದಕ್ಕೆ ಇಷ್ಟ. ಬಹುತೇಕ ಶಿಲೀಂಧ್ರಗಳಂತೆ ಇದಕ್ಕೆ ಒದ್ದೆ ಎಲೆಯೂ ಬೇಕಿಲ್ಲ. ಹಾಲು ಬೆರೆಸಿದ ನೀರು ಸಿಂಪಡಿಸಿ ಎಂಬ ಮಾತನ್ನು ನಾನು ಮೊದಲು ಅಜ್ಜಿ ಮದ್ದು ಎಂದುಕೊಂಡಿದ್ದೆ, ಆದರೆ ಅದರ ಹಿಂದೆ ಪ್ರಯೋಗವಿದೆ. 1999ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದು ಹಸಿರುಮನೆಯಲ್ಲಿ ಬೆಳೆಸಿದ ಸುಕಿನಿ ಗಿಡಗಳಲ್ಲಿ ಹಸುವಿನ ಹಾಲಿನ ದ್ರಾವಣ ಈ ರೋಗವನ್ನು ಚೆನ್ನಾಗಿ ಹಿಡಿದಿಟ್ಟಿದ್ದನ್ನು ತೋರಿಸಿತು. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು, ಬೆಳಗಿನ ಬಿಸಿಲಿಗೆ, ವಾರಕ್ಕೊಮ್ಮೆ. ರೋಗ ಜೋರಾಗಿದ್ದರೆ ಆ ಎಲೆಗಳನ್ನು ಕಿತ್ತು ತೆಗೆಯುವುದು ಹಾಲಿಗಿಂತ ಮುಖ್ಯ.

ನೀರು, ಮತ್ತು ಮಾರ್ಚ್ ತಿಂಗಳ ಲೆಕ್ಕ

ನೀರು ಅರ್ಧಕ್ಕೆ ಇಳಿಸಿ ಎಂಬ ಸಲಹೆಯ ಪೂರ್ವಾರ್ಧ ಸರಿ. ತಂಪಿಗೆ ನೀರು ಆರುವುದು ನಿಧಾನ. ಆದರೆ ಮಳೆಯೂ ನಿಂತಿರುತ್ತದೆ. ಸೆಪ್ಟೆಂಬರಿನಲ್ಲಿ ಸರಾಸರಿ 200 ಮಿಲಿಮೀಟರ್ ಸುರಿಯುವ ಊರಿನಲ್ಲಿ ಜನವರಿಯ ಸರಾಸರಿ 2 ಮಿಲಿಮೀಟರ್ ಕೂಡ ದಾಟುವುದಿಲ್ಲ. ಗಾಳಿಯೂ ಒಣ. ಬೆರಳನ್ನು ಒಂದಿಂಚು ಮಣ್ಣಿನೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಡೆಂಗಿ ಸೊಳ್ಳೆಗೆ ಅಷ್ಟು ನೀರೇ ಸಾಕು.

ದೊಡ್ಡ ವಿಷಯ ಬೇರೆ ಇದೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ನಗರ ಟ್ಯಾಂಕರಿಗೆ ಕಾದು ನಿಂತಿದ್ದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನು ನಿಷೇಧಿಸಿತು, ದಂಡ 5,000 ರೂಪಾಯಿ. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಬಿತ್ತನೆಯನ್ನು ಮಾರ್ಚಿಗೆ ಇಟ್ಟುಕೊಳ್ಳುವ ಪಟ್ಟಿ ಈ ಊರಿನಲ್ಲಿ ಎಷ್ಟು ದುಬಾರಿ ಎಂದು ಆಗ ಅರ್ಥವಾಗುತ್ತದೆ. ಇನ್ನಿಲ್ಲದಂತೆ ನೀರು ಕೇಳುವ ಎಳೆ ಸಸಿಗಳನ್ನು ನೀರೇ ಇಲ್ಲದ ತಿಂಗಳಿಗೆ ತಂದು ನಿಲ್ಲಿಸುತ್ತದೆ ಅದು.

ಹೊರಗಿನಿಂದ ಬಂದವರು ಊರಿನ ಲೆಕ್ಕ ಕಲಿಯಲಾರರು ಎಂದೇನಿಲ್ಲ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೃಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಒಂದಾದ ಮೇಲೊಂದು ಸರದಿಯಲ್ಲಿ ಹೂ ಬಿಡುವ ಮರಗಳನ್ನು ಯೋಜಿಸಿದವರು. ಗಿಡಗಳು ಮಲಗುವ ದೇಶದಿಂದ ಬಂದವರಿಗೆ ಇಲ್ಲಿ ವರ್ಷದ ಪ್ರತಿ ತಿಂಗಳೂ ಯಾವುದಾದರೊಂದು ಮರ ಎಚ್ಚರವಿರುತ್ತದೆ ಎಂಬುದು ಕಂಡಿತ್ತು.

ಅದೇ ಬೀದಿಮರಗಳು ಡಿಸೆಂಬರಿನಿಂದ ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿ ಬೆಂಕಿ ಹಚ್ಚುವುದು ಇನ್ನೂ ನಿಂತಿಲ್ಲ. ತೆರೆದ ಜಾಗದಲ್ಲಿ ಕಸ ಸುಡುವುದು ನಿಯಮಬಾಹಿರ, ಅದರ ಮೇಲೆ ಮಾಗಿಯ ಮುಂಜಾನೆ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಿರುವುದರಿಂದ ಹೊಗೆ ಮೇಲೇರದೆ ನಮ್ಮ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಆ ಎಲೆಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಬನ್ನಿ. ಕೈಯಲ್ಲೇ ಪುಡಿಮಾಡಿ ಕುಂಡದ ಮಣ್ಣಿನ ಮೇಲೆ ಎರಡಿಂಚು ದಪ್ಪಕ್ಕೆ ಹರಡಿ, ಕಾಂಡದ ಸುತ್ತ ಮಾತ್ರ ಎರಡು ಬೆರಳಿನಷ್ಟು ಜಾಗ ಬಿಡಿ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುವ ಹೊತ್ತಿಗೆ ಈ ಹೊದಿಕೆ ಕೂತಿರಬೇಕು. ಅಕ್ಕಿ, ತರಕಾರಿ ತೊಳೆದ ನೀರಿಗೆ ಅಡುಗೆಮನೆಯಲ್ಲಿ ಒಂದು ಬಕೆಟ್ ಇಡುವ ಅಭ್ಯಾಸವನ್ನೂ ಜನವರಿಯಲ್ಲೇ ಶುರುಮಾಡಿ. ಮಾರ್ಚಿಗೆ ಆ ಬಕೆಟ್ಟೇ ಟೊಮ್ಯಾಟೊ ಗಿಡದ ಟ್ಯಾಂಕರ್.