‘ಶುಗರ್ ಫ್ರೀ’ ಅಂದರೆ ಶುಗರ್ ಇದ್ದವರು ತಿನ್ನಬಹುದು ಅಂತಲ್ಲ



ಮಂಜೇಶ್ವರದ ಕಡೆ ನಮ್ಮದೊಂದು ಸಣ್ಣ ಅಂಗಡಿ ಉಂಟು. ಗಾಜಿನ ಕಪಾಟಿನ ಎರಡನೇ ಸಾಲು ಪೂರ್ತಿ ‘ಶುಗರ್ ಫ್ರೀ’ ಸಾಮಾನು. ಚಾಕಲೇಟು, ಬಿಸ್ಕೆಟು, ಬಾದಾಮಿ ಹಾಕಿದ ಮಿಠಾಯಿ. ಆ ಸಾಲಿನ ಮೇಲೆ ಹಸಿರು ಅಕ್ಷರದಲ್ಲಿ ‘ಶುಗರ್ ಇದ್ದವರಿಗೆ’ ಅಂತ ಬರೆದು ಅಂಟಿಸಿದವನು ನಾನೇ. ಈ ಲೇಖನವನ್ನು ಮೊದಲು ನನ್ನ ವಿರುದ್ಧ ಬರೆಯುತ್ತಿದ್ದೇನೆ, ಆಮೇಲೆ ನಿಮ್ಮೆಲ್ಲರ ವಿರುದ್ಧ.

ನಮ್ಮ ಉಪ್ಪನಿಗೆ ಹನ್ನೊಂದು ವರ್ಷದಿಂದ ಶುಗರ್. ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಮದುವೆ ಮನೆಯಲ್ಲಿ ಪಾಯಸ ಮುಟ್ಟುವುದಿಲ್ಲ. ಆದರೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಎರಡನೇ ಸಾಲಿನಿಂದ ಒಂದು ಚಾಕಲೇಟು ತೆಗೆದು ಅರ್ಧ ತಿನ್ನುವುದು, ಉಳಿದರ್ಧ ಸಂಜೆಗೆ. ‘ಇದರಲ್ಲಿ ಶುಗರ್ ಇಲ್ಲ ಮೋನೆ’ ಅಂತ ನನಗೇ ಧೈರ್ಯ ಹೇಳುತ್ತಿದ್ದರು. ಆರು ತಿಂಗಳಲ್ಲಿ ಅವರ ಎಚ್‌ಬಿಎ1ಸಿ 7.4ರಿಂದ 8.9ಕ್ಕೆ ಏರಿತು. ಡಾಕ್ಟರು ಏನು ತಿನ್ನುತ್ತೀರಿ ಅಂತ ಕೇಳಿದಾಗ ಉಪ್ಪ ಎಲ್ಲವನ್ನೂ ಹೇಳಿದರು, ಚಾಕಲೇಟಿನ ವಿಷಯ ಮಾತ್ರ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ. ಹೇಳಬೇಕಾದ ಸಂಗತಿ ಅಂತಲೇ ಅವರಿಗೆ ಅನಿಸಲಿಲ್ಲ. ಶುಗರ್ ಇಲ್ಲದ್ದು ಲೆಕ್ಕಕ್ಕೆ ಯಾಕೆ?

ಆಸ್ಪತ್ರೆಯಿಂದ ಬಂದ ರಾತ್ರಿ ನಾನು ಆ ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಿದೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು ಯಂತ್ರದ ಮೇಲಿನ ತಗಡು ಪಟ್ಟಿ ಓದದೆ ಸ್ವಿಚ್ ಹಾಕುವುದಿಲ್ಲ. ಆದರೆ ನಾಲ್ಕು ವರ್ಷ ಮಾರಿದ ಚಾಕಲೇಟಿನ ಹಿಂಬದಿ ಒಂದು ಸಲವೂ ಓದಿರಲಿಲ್ಲ. ಸಕ್ಕರೆ: 0.4 ಗ್ರಾಂ. ಅದರ ಮೇಲಿನ ಗೆರೆ: ಕಾರ್ಬೋಹೈಡ್ರೇಟ್ 46 ಗ್ರಾಂ. ಅದರಲ್ಲಿ 36 ಗ್ರಾಂ ‘ಪಾಲಿಯಾಲ್’. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಮಾಲ್ಟಿಟಾಲ್.

ಇದರಲ್ಲಿ ಕಾನೂನಿನ ಪ್ರಕಾರ ಸುಳ್ಳಿಲ್ಲ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಲ್ಲಿ 100 ಗ್ರಾಂ ತಿಂಡಿಗೆ ಸಕ್ಕರೆ 0.5 ಗ್ರಾಂ ದಾಟದಿದ್ದರೆ ‘ಶುಗರ್ ಫ್ರೀ’ ಅಂತ ಬರೆಯಬಹುದು. ಮಾಲ್ಟಿಟಾಲ್ ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ, ಅದು ಸಕ್ಕರೆ ಆಲ್ಕೋಹಾಲು. ಹೆದರಬೇಡಿ, ಹೆಸರಿನಲ್ಲಿ ಮಾತ್ರ ಆಲ್ಕೋಹಾಲು, ಅಮಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದು ರಕ್ತಕ್ಕೆ ಹೋಗುವುದಿಲ್ಲ ಅಂತಲೂ ಅಲ್ಲ. ಸಕ್ಕರೆಯ ಗ್ಲೈಸೆಮಿಕ್ ಸೂಚ್ಯಂಕ ಸುಮಾರು 65 ಆದರೆ ಮಾಲ್ಟಿಟಾಲಿನದ್ದು ಸುಮಾರು 35. ಅಂದರೆ ಸಕ್ಕರೆಯ ಅರ್ಧದಷ್ಟು ಏರಿಸುತ್ತದೆ. ಶುಗರ್ ಇಲ್ಲ ಅನ್ನುವ ಧೈರ್ಯದಲ್ಲಿ ಎರಡು ಪಟ್ಟು ತಿಂದರೆ ಲೆಕ್ಕ ಸರಿಯಾಯಿತಲ್ಲ! ಜಾಸ್ತಿ ತಿಂದರೆ ಹೊಟ್ಟೆ ಕೆಡುವುದು ಬೇರೆ. ಪ್ಯಾಕೆಟಿನ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಅದನ್ನೂ ಬರೆದಿರುತ್ತಾರೆ.

ನಾವೇ ಗ್ಲುಕೋಮೀಟರ್ ಹಿಡಿದು ನೋಡಿದೆವು. ಚಾಕಲೇಟಿನ ಮೊದಲು 138, ಅರ್ಧ ಪ್ಯಾಕೆಟ್ ತಿಂದು ಎರಡು ಗಂಟೆಯ ಮೇಲೆ 187. ಇನ್ನೊಂದು ದಿನ ಹಾಗೆಯೇ ನೋಡಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ಒಬ್ಬರ ಮೀಟರ್ ಲೋಕಕ್ಕೆಲ್ಲ ಸಾಕ್ಷಿಯಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಉಪ್ಪನ ರಕ್ತಕ್ಕೆ ಅದೇ ಸಾಕ್ಷಿ. ನಿಮ್ಮ ಮನೆಯವರ ರಕ್ತಕ್ಕೆ ನಿಮ್ಮ ಮೀಟರ್ ಸಾಕ್ಷಿ. ಹಿಡಿದು ನೋಡಿ.

ಇದು ಯಾಕೆ ಇಷ್ಟು ದೊಡ್ಡ ವಿಷಯ? ಐಸಿಎಂಆರ್ ನಡೆಸಿದ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ವಯಸ್ಕರ ಪೈಕಿ 100ರಲ್ಲಿ 11.4 ಮಂದಿಗೆ ಮಧುಮೇಹ. ಕೇರಳದಲ್ಲಿ 25.5. ಗಡಿಯ ಈಚೆ ಕನ್ನಡ ಓದಿ, ಬ್ಯಾರಿ ಮಾತಾಡಿ ಬದುಕುವ ನಾವೂ ಆ ಲೆಕ್ಕದೊಳಗೇ ಇದ್ದೇವೆ. ಹೀಗಿರುವಾಗ ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಮಕ್ಕಳಿಗೊಂದು ಚಾಕಲೇಟು ಡಬ್ಬಿ, ‘ಉಪ್ಪನಿಗೆ ಪಾಪ’ ಅಂತ ಶುಗರ್ ಫ್ರೀ ಡಬ್ಬಿ ಇನ್ನೊಂದು. ಪ್ರೀತಿಯಿಂದಲೇ ಕಳುಹಿಸುತ್ತಾರೆ. ಆದರೆ ಆ ಡಬ್ಬಿ ಒಂದು ವಾರದಲ್ಲಿ ಖಾಲಿಯಾದರೆ ಅದು ಪ್ರೀತಿಯಲ್ಲ, ಹಾನಿ.

ಈಗ ಎರಡನೇ ಮೋಸಕ್ಕೆ ಬರುತ್ತೇನೆ. ಇದಕ್ಕೆ ಬೈಗುಳ ಬೀಳುತ್ತದೆ ಅಂತ ಗೊತ್ತು.

ವಾಟ್ಸಾಪ್ ಸ್ಟೇಟಸಿನಲ್ಲಿ ಕಾಣುತ್ತದಲ್ಲ, ‘ಹೋಮ್‌ಮೇಡ್ ಶುಗರ್ ಫ್ರೀ ಡ್ರೈಫ್ರೂಟ್ ಚಾಕಲೇಟ್, ಖರ್ಜೂರ ಮತ್ತು ಜೇನು ಮಾತ್ರ’. ಖರ್ಜೂರ ಸಕ್ಕರೆಯಲ್ಲದೆ ಇನ್ನೇನು? ಒಣಗಿದ ಖರ್ಜೂರದ 100 ಗ್ರಾಂನಲ್ಲಿ ಸುಮಾರು 65 ಗ್ರಾಂ ಸಕ್ಕರೆಯೇ ಉಂಟು. ಜೇನಿನಲ್ಲಿ 80 ಗ್ರಾಂಗೂ ಹೆಚ್ಚು. ಬೆಲ್ಲದ ಮಾತು ಎತ್ತಲೇಬೇಡಿ. 30 ಗ್ರಾಂ ತೂಕದ ಒಂದು ಉಂಡೆಯಲ್ಲಿ 20 ಗ್ರಾಂ ಖರ್ಜೂರವಿದ್ದರೆ 13 ಗ್ರಾಂ ಸಕ್ಕರೆ ಹೋಯಿತು, ಮೂರು ಚಮಚಕ್ಕಿಂತ ಹೆಚ್ಚು. ಎರಡು ಉಂಡೆ ತಿಂದ ಮುದುಕರು ‘ನಾನು ಸಕ್ಕರೆ ತಿನ್ನುವುದಿಲ್ಲ’ ಅನ್ನುತ್ತಾರೆ.

‘ಖರ್ಜೂರ ಸುನ್ನತ್ತು, ಜೇನಿನಲ್ಲಿ ಶಿಫಾ ಉಂಟು, ಅದಕ್ಕೂ ನೀನು ಲೆಕ್ಕ ಹಾಕುವುದಾ?’ ಅಂತ ಒಬ್ಬರು ಹಿರಿಯರು ನನ್ನನ್ನು ಪಳ್ಳಿಯ ಜಗಲಿಯಲ್ಲೇ ಕೇಳಿದರು. ಖರ್ಜೂರದ ಬರಕತ್ತಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನಾವೂ ಇಫ್ತಾರಿಗೆ ಖರ್ಜೂರದಲ್ಲೇ ನೋಂಬು ಬಿಡುವವರು. ಆದರೆ ನೋಂಬು ಬಿಡುವ ಒಂದೋ ಮೂರೋ ಖರ್ಜೂರ ಬೇರೆ, ಅದನ್ನೇ ಅರೆದು ಚಾಕಲೇಟು ಮಾಡಿ ‘ಶುಗರ್ ಫ್ರೀ’ ಅಂತ ಹೆಸರಿಟ್ಟು ಕಿಲೋಗಟ್ಟಲೆ ಮಾರುವುದು ಬೇರೆ. ವ್ಯಾಪಾರದಲ್ಲಿ ಸಾಮಾನಿನ ಐಬು ಮುಚ್ಚಿಡಬಾರದು ಅನ್ನುವುದೂ ನಮಗೆ ಕಲಿಸಿದ ದೀನೇ ತಾನೆ? ಮನೆಯಲ್ಲಿ ಕೂತು ನಾಲ್ಕು ಕಾಸು ದುಡಿಯುವ ನಮ್ಮ ಹೆಂಗಸರ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶವಲ್ಲ. ಮಾರಿ. ‘ಖರ್ಜೂರದ ಚಾಕಲೇಟು’ ಅಂತ ಬರೆದು ಮಾರಿ. ರುಚಿಗೆ ಜನ ತೆಗೆದುಕೊಳ್ಳುತ್ತಾರೆ. ಆ ಎರಡು ಪದ ಮಾತ್ರ ತೆಗೆಯಿರಿ.

‘ಹಾಗಾದರೆ ಶುಗರ್ ಇದ್ದವರು ಬಾಯಿ ಕಟ್ಟಿ ಸಾಯಬೇಕಾ?’ ಇದು ಉಮ್ಮ ನನ್ನನ್ನು ಕೇಳಿದ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ನಾನು ಒಂದು ತಿಂಗಳು ಅಡುಗೆಮನೆಯಲ್ಲಿ ಉಮ್ಮನ ಕೈಯಿಂದ ಬೈಸಿಕೊಂಡೆ.

ಮೊದಲು ತೆಂಗಿನೆಣ್ಣೆ ಮತ್ತು ಕೊಕ್ಕೊ ಪುಡಿ ಕಲಸಿ ಬಾದಾಮಿ ಹಾಕಿದೆ. ಫ್ರಿಜ್ಜಿನಲ್ಲಿ ಕಲ್ಲಿನ ಹಾಗೆ ನಿಂತಿತು, ತಟ್ಟೆಗೆ ಬಂದ ಐದು ನಿಮಿಷಕ್ಕೆ ಕೆಸರಾಯಿತು. ತೆಂಗಿನೆಣ್ಣೆ ಕರಗುವುದು ಸುಮಾರು 25 ಡಿಗ್ರಿಗೆ, ನಮ್ಮ ಕರಾವಳಿಯ ಸೆಖೆ ಅದಕ್ಕಿಂತ ಎಷ್ಟೋ ಮೇಲೆ. ಕೊಕ್ಕೊ ಬೆಣ್ಣೆ ಕರಗುವುದು 34ರ ಆಸುಪಾಸಿನಲ್ಲಿ, ಅದಕ್ಕೇ ಚಾಕಲೇಟು ಕೈಯಲ್ಲಿ ನಿಂತು ಬಾಯಲ್ಲಿ ಕರಗುವುದು. ಹಾಗಾಗಿ ಕೊಕ್ಕೊ ಬೆಣ್ಣೆಯನ್ನೇ ತರಿಸಿದೆ. ಈಗ ನಮ್ಮ ಮನೆಯ ಅಳತೆ ಇದು: ಕೊಕ್ಕೊ ಬೆಣ್ಣೆ 80 ಗ್ರಾಂ, ತೆಂಗಿನೆಣ್ಣೆ 20, ಸಕ್ಕರೆ ಸೇರಿಸದ ಕೊಕ್ಕೊ ಪುಡಿ 50, ಬಾದಾಮಿ 100, ಅಕ್ರೋಟು 50, ಕೊಬ್ಬರಿ ತುರಿ 30, ಎರಿಥ್ರಿಟಾಲ್ 40 ಗ್ರಾಂ, ಒಂದು ಚಿಟಿಕೆ ಉಪ್ಪು.

ಬಾದಾಮಿಯನ್ನು ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿಸಿ, ಮುರಿದಿಡಿ. ಎರಿಥ್ರಿಟಾಲನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಅದು ಕೊಬ್ಬಿನಲ್ಲಿ ಕರಗುವುದಿಲ್ಲ, ಹಾಗೇ ಹಾಕಿದರೆ ಮರಳು ಕಚ್ಚಿದ ಹಾಗಾಗುತ್ತದೆ. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕೊಕ್ಕೊ ಬೆಣ್ಣೆ ಮತ್ತು ಎಣ್ಣೆ ಕರಗಿಸಿ, ಇಳಿಸಿ, ಪುಡಿಗಳನ್ನು ಜರಡಿ ಹಿಡಿದು ಕಲಸಿ. ಒಂದು ಹನಿ ನೀರೂ ಒಳಗೆ ಬೀಳಬಾರದು, ಬಿದ್ದರೆ ಪುಡಿ ಗಂಟು ಕಟ್ಟುತ್ತದೆ. ಕೊನೆಗೆ ಬೀಜಗಳನ್ನು ಸೇರಿಸಿ 30 ತುಂಡು ಆಗುವ ಹಾಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮೇಲೆ ಬಿಳಿ ಮಾಸಲು ಬಂದರೆ ಹಾಳಾಯಿತು ಅಂತಲ್ಲ, ಕೊಬ್ಬು ಮೇಲೆದ್ದದ್ದು ಅಷ್ಟೇ.

ನಾರಿನಂಶ ಮತ್ತು ಎರಿಥ್ರಿಟಾಲ್ ಕಳೆದರೆ ಒಂದು ತುಂಡಿಗೆ ಕಾರ್ಬೋಹೈಡ್ರೇಟ್ ಸುಮಾರು 1 ಗ್ರಾಂ. ಉಪ್ಪ ಎರಡು ತುಂಡು ತಿಂದ ದಿನ ಮೀಟರ್ 136ರಿಂದ 141ಕ್ಕೆ ಹೋಯಿತು. ಗೇರುಬೀಜ ಯಾಕಿಲ್ಲ ಅಂತ ನಮ್ಮೂರಿನವರು ಕೇಳಿಯೇ ಕೇಳುತ್ತಾರೆ. ನಾರು ಕಳೆದು ಲೆಕ್ಕ ಹಾಕಿದರೆ 100 ಗ್ರಾಂ ಬಾದಾಮಿಯಲ್ಲಿ 9 ಗ್ರಾಂ, ಗೇರುಬೀಜದಲ್ಲಿ 27. ಬೆಳೆಯೋಣ, ಮಾರೋಣ, ಈ ತಿಂಡಿಗೆ ಬೇಡ.

ನನ್ನ ತಿಂಡಿಯನ್ನೂ ಔಷಧ ಅಂತ ಹೇಳಲು ನಾನು ತಯಾರಿಲ್ಲ. ಹೇಳಿದರೆ ನಾನೂ ಆ ಪ್ಯಾಕೆಟಿನವರ ಸಾಲಿಗೇ ಸೇರಿದೆ. ಒಂದು ತುಂಡಿಗೆ 70 ಕ್ಯಾಲರಿ ಉಂಟು, ಹತ್ತು ತಿಂದರೆ ಒಂದು ಊಟ. ಎರಿಥ್ರಿಟಾಲ್ ರಕ್ತದ ಸಕ್ಕರೆ ಏರಿಸುವುದಿಲ್ಲ. ಆದರೆ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂತು ಅಂತ 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸಂಶೋಧಕರು ವರದಿ ಮಾಡಿದ್ದಾರೆ. ಅದೇ ಕಾರಣ ಅಂತ ಸಾಬೀತಾಗಿಲ್ಲ, ಆದರೆ ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಬಳಸಬೇಡಿ. ನಾವು 60 ಗ್ರಾಂನಿಂದ 40ಕ್ಕೆ ಇಳಿಸಿದ್ದೇವೆ. ನಾಲಿಗೆ ಮೂರು ವಾರದಲ್ಲಿ ಕಹಿಗೆ ಒಗ್ಗಿತು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಶುಗರ್ ಇದ್ದವರಿಗೆ ಕೈ ನಡುಗಿ, ಬೆವರಿ, ತಲೆ ತಿರುಗಿ ಶುಗರ್ 70ಕ್ಕಿಂತ ಕೆಳಗೆ ಇಳಿದಾಗ ಶುಗರ್ ಫ್ರೀ ಚಾಕಲೇಟು ಕೊಟ್ಟರೆ ಏನೂ ಪ್ರಯೋಜನವಿಲ್ಲ. ನಾನು ಮಾಡಿದ್ದೂ ಆಗುವುದಿಲ್ಲ, ಪೇಟೆಯದ್ದೂ ಆಗುವುದಿಲ್ಲ. ಆಗ ಬೇಕಾದದ್ದು ನಿಜವಾದ ಸಕ್ಕರೆ, ಮೂರು ನಾಲ್ಕು ಚಮಚ ನೀರಿನಲ್ಲಿ ಕಲಸಿ, ಇಲ್ಲವೇ ಗ್ಲೂಕೋಸ್ ಪುಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಿ. ಹಾಗೆಯೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಯೂಟ್ಯೂಬ್ ನೋಡಿ ಒಂದೇ ದಿನ ಅನ್ನ, ಪತ್ತಿರ್ ಬಿಟ್ಟು ಲೋ ಕಾರ್ಬ್ ಶುರು ಮಾಡಬೇಡಿ, ಶುಗರ್ ಅಪಾಯಕ್ಕೆ ಇಳಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರಿಗೆ ರಕ್ತ ಆಮ್ಲವಾಗುವ ಬೇರೆಯೇ ಅಪಾಯ ಉಂಟು. ಮೊದಲು ಡಾಕ್ಟರು, ಆಮೇಲೆ ಚಾಕಲೇಟು.

ಅದರ ಜೊತೆಗೆ, ಎರಡು ತಟ್ಟೆ ನೈಚೋರು ಹೊಡೆದು ಮೇಲೆ ಒಂದು ತುಂಡು ಲೋ ಕಾರ್ಬ್ ಮಿಠಾಯಿ ತಿನ್ನುವವರಿಗೆ ಈ ಲೇಖನ ಅಲ್ಲವೇ ಅಲ್ಲ.

ಸಣ್ಣವರಿದ್ದಾಗ ನಾವು ಅಡಿಕೆ ತೋಟದ ಕೊಕ್ಕೊ ಕಾಯಿ ಒಡೆದು ಬಿಳಿ ತಿರುಳು ಚೀಪಿ ಬೀಜ ಉಗುಳುತ್ತಿದ್ದೆವು. ಆ ಬೀಜವೇ ಚಾಕಲೇಟು ಅಂತ ಯಾರಿಗೆ ಗೊತ್ತಿತ್ತು! 1973ರಲ್ಲಿ ಶುರುವಾದ ಕ್ಯಾಂಪ್ಕೊ ಪುತ್ತೂರಿನಲ್ಲಿ 1986ರಿಂದ ಚಾಕಲೇಟು ಮಾಡುತ್ತಿದೆ. ಕಾಸರಗೋಡು, ದಕ್ಷಿಣ ಕನ್ನಡದ ತೋಟಗಳಲ್ಲಿ ಕೊಕ್ಕೊ ಉಂಟು, ಪ್ರತಿ ಮನೆಯಲ್ಲಿ ಕೊಬ್ಬರಿ ಉಂಟು. ಕೈಗೆಟಕುವ ಕಹಿಯನ್ನು ಬಿಟ್ಟು ಸಮುದ್ರದಾಚೆಯಿಂದ ಬಂದ ಸಿಹಿಗೆ, ಅದೂ ಸುಳ್ಳು ಧೈರ್ಯ ಕೊಡುವ ಸಿಹಿಗೆ, ದುಡ್ಡು ಕೊಡುತ್ತಿದ್ದೇವೆ.

ಹಾಗಾಗಿ ನನ್ನ ಬೇಡಿಕೆ ಮೂರು. ಅಂಗಡಿಯವರೇ, ‘ಕಾಕಾ, ಶುಗರ್ ಇದ್ದವರಿಗೆ ಎಂತ ಉಂಟು?’ ಅಂತ ಕೇಳಿದವರಿಗೆ ಪ್ಯಾಕೆಟ್ ಕೊಡುವ ಮೊದಲು ಹಿಂಬದಿ ತಿರುಗಿಸಿ ಕಾರ್ಬೋಹೈಡ್ರೇಟಿನ ಗೆರೆ ತೋರಿಸಿ. ಮನೆಯಲ್ಲಿ ಮಾಡಿ ಮಾರುವವರೇ, ಒಳಗೆ ಏನುಂಟೋ ಅದರ ಹೆಸರನ್ನೇ ಇಡಿ. ಮನೆಗೆ ಕರೆಯುವವರೇ, ಶುಗರ್ ಇದ್ದ ನೆಂಟರು ಬೇಡ ಅಂದಾಗ ‘ಇದು ಶುಗರ್ ಫ್ರೀ, ಒಂದು ತಿನ್ನಿ’ ಅಂತ ಬಾಯಿಗೆ ತುರುಕಬೇಡಿ. ಬೇಡ ಅಂದದ್ದನ್ನು ಒಪ್ಪುವುದೂ ಮರ್ಯಾದೆಯೇ.

ನಮ್ಮ ಅಂಗಡಿಯ ಎರಡನೇ ಸಾಲು ಈಗಲೂ ಉಂಟು. ಸುಳ್ಳು ಹೇಳುವುದಿಲ್ಲ, ಅದರಲ್ಲಿ ಲಾಭ ಚೆನ್ನಾಗಿದೆ, ಪೂರ್ತಿ ತೆಗೆಯಲು ಉಪ್ಪ ಒಪ್ಪಲಿಲ್ಲ. ಎರಡು ತಿಂಗಳು ವಾದ ಮಾಡಿ ಬೋರ್ಡು ಮಾತ್ರ ಬದಲಾಯಿಸಿದೆವು. ಹಸಿರು ಚೀಟಿ ಕಿತ್ತು ಉಪ್ಪ ತಮ್ಮ ಕೈಯಿಂದಲೇ ಕೆಂಪು ಶಾಯಿಯಲ್ಲಿ ಬರೆದರು: ‘ಸಕ್ಕರೆ ಇಲ್ಲ. ಆದರೆ ಶುಗರ್ ಏರುತ್ತದೆ. ಹಿಂದೆ ಓದಿ ತೆಗೆದುಕೊಳ್ಳಿ.’ ವ್ಯಾಪಾರ ಕಮ್ಮಿಯಾಗಿದೆ. ಕೇಳುವವರು ಹೆಚ್ಚಾಗಿದ್ದಾರೆ.