ಹಾಪ್ಸ್ ಬಳ್ಳಿ ಮತ್ತ ನಮ್ಮ ವೈನಿ ಸಿಟ್ಟು

ಕೈಯಾಗ ಬುಟ್ಟಿ ಹಿಡ್ಕೊಂಡು ಹಸಿರು ಬಳ್ಳಿ ಮುಂದ ನಿಂತ ನನ್ನ ಫೋಟೋ ನೀವೆಲ್ಲಾರೂ ನೋಡೀರಿ. ಮಗಳು ಅದನ್ನ ಮನೀ ಗ್ರೂಪಿಗೆ ಹಾಕಿ, "ಅವ್ವನ ಕೈಗುಣ, ಈ ಸಲ ಹಾಪ್ಸ್ ಭರ್ತಿ ಬಂದದ" ಅಂತ ಕೆಳಗ ಬರದಿದ್ಲು. ಮೊದಲು ಎಲ್ಲಾರೂ "ಛಲೋ ಕಾಣ್ತೀರಿ", "ಏನ್ ಬಳ್ಳಿ ಕಾಕು ಇದು?" ಅಂತ ಕೇಳಿದ್ರಿ. ಆಮ್ಯಾಲೆ ಯಾರೋ ಹುಡುಕಿ, ಹಾಪ್ಸ್ ಅಂದ್ರ ಬೀರಿಗೆ ಹಾಕೋದು ಅಂತ ಬರದ್ರು. ಗ್ರೂಪ್ ಗಪ್ಪಾತು. ಸಂಜೀಕ ನಮ್ಮ ವೈನಿ ಒಂದ ಸಾಲು ಹಾಕಿದ್ರು: "ನಿಮ್ಮಣ್ಣ ಯಾತರಿಂದ ಹೋದ ಅನ್ನೋದು ಮರತೀಯೇನು?" ಅವತ್ತಿನಿಂದ ನನ್ನ ಫೋನ್ ಎತ್ತಿಲ್ಲ.

ಮರತಿಲ್ಲ ವೈನಿ. ನೀವು ಇದನ್ನ ಓದ್ತೀರಿ ಅಂತ ಗೊತ್ತಿದ್ದ ಬರೀಲಿಕ್ಕತ್ತೀನಿ.

ನನ್ನ ಪಿಯುಸಿ ಫೀ ತುಂಬಿದಾವ ನಮ್ಮಣ್ಣ. ಪಗಾರದ ದಿನ ಗೆಳ್ಯಾರ ಜೋಡಿ ಒಂದು ಬೀರು ಅಂತ ಸುರು ಆದದ್ದು, ಸಾರಾಯಿ ಪಾಕೀಟಿಗೆ ಬಂದು ನಿಂತಿತು. ನಮ್ಮ ರಾಜ್ಯದಾಗ ಸಾರಾಯಿ ಬಂದ್ ಆದದ್ದು 2007ರ ಜುಲೈದಾಗ. ಅಣ್ಣ ಹೋಗಿ ಅಷ್ಟೊತ್ತಿಗೆ ಮೂರು ವರ್ಷ ಆಗಿತ್ತು. ವೈನಿ ಅಕ್ಕಿ ಡಬ್ಬಿಯೊಳಗ ಸಿಕ್ಕ ಪಾಕೀಟು ಸೆರಗಿನಾಗ ಕಟ್ಕೊಂಡು ಹೋಗಿ ಗಟಾರಕ್ಕ ಸುರೀತಿದ್ರು. ಓಣಿಯಾಗ ಕೇಳಿದವರಿಗೆ ನಾವೆಲ್ಲಾ ಏನು ಹೇಳ್ತಿದ್ವಿ? ಕಾಮಾಲಿ ಆಗ್ಯದ ಅಂತ. ನಾನೂ ಹಂಗ ಹೇಳೀನಿ. ಅದರ ಮಾತಿಗೆ ಆಮ್ಯಾಲೆ ಬರ್ತೀನಿ, ಮೊದಲು ಬಳ್ಳಿ ಕತಿ ಹೇಳ್ತೀನಿ. ಯಾಕಂದ್ರ ಬಳ್ಳಿ ಏನು ಅಂತ ಗೊತ್ತಿಲ್ಲದ ಬೈದ್ರ ಬೈದದ್ದಕ್ಕೂ ಅರ್ಥ ಇರಂಗಿಲ್ಲ.

ಮಗಳ ಮನಿ ಇರೋದು ಅಮೆರಿಕಾದ ಆರೆಗನ್ ರಾಜ್ಯದಾಗ, ಪೋರ್ಟ್‌ಲ್ಯಾಂಡ್ ಊರಿನ ಮಗ್ಗಲ ಬೀವರ್ಟನ್‌ದಾಗ. ನಾ ಏಪ್ರಿಲ್ ಕಡೀಕ ಹೋದಾಗ ಹಿತ್ತಲದ ಗ್ವಾಡಿ ಕಡೆ ಒಂದು ಎತ್ತರದ ಕಂಬ, ಬುಡದಾಗ ಶತಾವರಿ ಕುಡಿ ಹಂಗ ಕೆಂಪು ಕೆಂಪು ಕುಡಿ ಎದ್ದಿದ್ದವು. ಇದೇನು ಅಂದ್ರ "ಹಾಪ್ಸ್ ರೀ ಅತ್ತಿ" ಅಂದ್ರು ಅಳಿಯಂದ್ರು. ಮೂರು ವರ್ಷದ ಹಿಂದ ಬೇರಿನ ತುಂಡು ತಂದು ನೆಟ್ಟದ್ದಂತ. ಚಳಿಗಾಲಕ್ಕ ಮ್ಯಾಲಿಂದೆಲ್ಲಾ ಒಣಗಿ ಸತ್ತಂಗ ಆಗ್ತದ, ಬೇರು ಮಾತ್ರ ನೆಲದಾಗ ಮಲಗಿರ್ತದ, ವಸಂತಕ್ಕ ಮತ್ತ ಏಳ್ತದ. ಮೊದಲನೇ ವರ್ಷ ಹೂವು ಬಂದ್ರ ಪುಣ್ಯ, ಭರ್ತಿ ಬೆಳಿ ಬರೋದು ಮೂರನೇ ವರ್ಷಕ್ಕ.

ಎದ್ದ ಕುಡಿ ಇಪ್ಪತ್ತಕ್ಕಿಂತ ಹೆಚ್ಚಿದ್ದವು. ಮೂರ್ನಾಲ್ಕು ಗಟ್ಟಿ ಕುಡಿ ಹಗ್ಗಕ್ಕ ಹಬ್ಬಿಸಿ ಉಳಿದದ್ದೆಲ್ಲಾ ಕತ್ತರಿಸಿ ಒಗೀಬೇಕು ಅಂದ್ರು. ನನಗ ಹೊಟ್ಟಿ ಚುರುಕ್ ಅಂತು. ತಿನ್ಲಿಕ್ಕೆ ಬರ್ತದೇನು ಅಂತ ಕೇಳಿದೆ. ಬರ್ತದಂತ, ಬೆಲ್ಜಿಯಂ ದೇಶದಾಗ ಕಾಯಿಪಲ್ಯ ಅಂತ ತುಟ್ಟಿ ರೊಕ್ಕ ಕೊಟ್ಟು ತಿಂತಾರಂತ. ಸಾಸವಿ ಒಗ್ಗರಣಿ ಹಾಕಿ, ಹಸಿ ಕೊಬ್ಬರಿ ಉದುರಿಸಿ ಪಲ್ಯ ಮಾಡ್ದೆ. ತುಸು ಕಹಿ, ಆದ್ರ ಛಲೋ ಆಗಿತ್ತು. 2021ರಾಗ ಬಿಹಾರದ ರೈತ ಒಬ್ಬ ಕಿಲೋಕ್ಕ ಲಕ್ಷ ರೂಪಾಯಿ ಬಾಳೋ ಕಾಯಿಪಲ್ಯ ಬೆಳದಾನ ಅಂತ ಎಲ್ಲಾರ ಫೋನಿನಾಗ ಓಡಾಡಿತ್ತು ನೋಡ್ರಿ, ಅದು ಇದ ಕುಡಿ. ಪತ್ರಿಕಾದವರು ಊರಿಗೇ ಹೋಗಿ ನೋಡಿದ್ರ ಅಲ್ಲೆ ಅಂಥಾ ಬೆಳೀನ ಇರ್ಲಿಲ್ಲಂತ.

ಜೂನ್ ತಿಂಗಳು ಬಂತು ನೋಡ್ರಿ, ದಿನಕ್ಕ ಒಂದೊಂದು ಗೇಣು ಬೆಳೀತು. ಸುಳ್ಳಲ್ಲ, ಹಗ್ಗಕ್ಕ ನೂಲು ಕಟ್ಟಿ ಗುರ್ತು ಮಾಡಿ ನೋಡೀನಿ. ಎಲಿ ನೋಡಿದ್ರ ದ್ರಾಕ್ಷಿ ಎಲಿ ಹಂಗ. ಹಾಗಲಬಳ್ಳಿಗೆ ಇರೋ ಹಂಗ ಹಿಡಿಕೊಳ್ಳೋ ಎಳಿ ಇಲ್ಲ, ದಂಟಿನ ಮ್ಯಾಲಿನ ಖಸಖಸ ಮುಳ್ಳುಗೂದಲಲೇ ಹತ್ತತದ. ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ ಸುತ್ತತದ. ನಾ ಗೊತ್ತಿಲ್ಲದ ಒಂದು ಕುಡಿ ಉಲ್ಟಾ ಸುತ್ತಿದ್ರ ಮರುದಿನ ಮುಂಜಾನೆ ತಾನ ಬಿಚ್ಚಿಕೊಂಡು ಕೆಳಗ ಬಿದ್ದಿತ್ತು. ನನ್ನ ಎರಡೂ ಮುಂಗೈ ಗೀರಿ ಕೆಂಪಾಗಿದ್ದವು, ತೋಳು ಉದ್ದನೆ ಅಂಗಿ ಹಾಕ್ಕೊಂಡ ಕೆಲಸ ಮಾಡಬೇಕು. ಅಲ್ಲೆ ಬ್ಯಾಸಗಿಯೊಳಗ ಮಳಿ ಇಲ್ಲ, ಬುಡಕ್ಕ ದಿನಾ ನೀರು. ಎಲಿ ಕೆಳಗ ಹೇನು ಕೂತ್ರ ಪೈಪಿನಿಂದ ಜೋರು ನೀರು ಹೊಡದು ತೊಳೀಬೇಕು. ಇದರಾಗೂ ಗಂಡು ಬಳ್ಳಿ, ಹೆಣ್ಣು ಬಳ್ಳಿ ಅಂತ ಬ್ಯಾರೆ ಬ್ಯಾರೆ ಇರ್ತಾವ. ಹೂವು ಬೇಕಾದ್ದು ಹೆಣ್ಣಿಂದು. ಗಂಡು ಹತ್ತಿರ ಇದ್ರ ಬೀಜ ಕಟ್ಟಿ ಹೂವು ಕೆಡ್ತಾವ ಅಂತ ಅದನ್ನ ಕಿತ್ತು ಒಗೀತಾರ. ಇದನ್ನ ಫೋನಿನಾಗ ಹೇಳಿದಾಗ ನಮ್ಮ ಮೌಶಿ ಎಷ್ಟು ನಕ್ಕರಂದ್ರ ಕೆಮ್ಮು ಹತ್ತಿತು.

ಆಗಸ್ಟ್ ಕಡೀಕ ಹೂವು ಹಣ್ಣಾದ್ವು. ಹೂವು ಅಂದ್ರ ಪಕಳಿ ಅರಳಿದ ಹೂವಲ್ಲ. ಎಲಿ ಮ್ಯಾಲೆ ಎಲಿ ಜೋಡಿಸಿದಂಗ ಹೆಬ್ಬೆಟ್ಟಿನಷ್ಟು ಹಸಿರು ಗೊಂಡೆ. ಒತ್ತಿದ್ರ ಕಾಗದ ಹಂಗ ಸರಸರ ಅನ್ನಬೇಕು, ಕೈ ಬಿಟ್ರ ಮತ್ತ ಉಬ್ಬಬೇಕು, ಬಿಡಿಸಿದ್ರ ಒಳಗ ಅರಿಷಿಣಪುಡಿ ಹಂಗ ಹಳದಿ ಪುಡಿ ಕಾಣಬೇಕು. ಜೀವ ಇರೋದು ಆ ಪುಡಿಯೊಳಗ. ಕೈಗೆ ಅಂಟು ಅಂಟು, ವಾಸನಿ ಚಕ್ಕೋತದ ಸಿಪ್ಪಿ ಹಂಗ. ತಳಿ ಹೆಸರು ಕ್ಯಾಸ್ಕೇಡ್, 1972ರಾಗ ಆರೆಗನ್‌ದಾಗ ತಯಾರು ಮಾಡಿ ಬಿಟ್ಟದ್ದಂತ.

ಮೊದಲನೇ ಕೊಯ್ಲು ನಾ ಕೆಡಿಸಿದೆ. ಸಂಡಿಗಿ ಒಣಗಿಸಿದ ಕೈ ಅಲ್ಲೇನ್ರಿ, ಯಾರ್ನೂ ಕೇಳದ ಹಳೇ ಸೀರಿ ಹಾಸಿ ರಣರಣ ಬಿಸಲಾಗ ಹರವಿದೆ. ಸಂಜಿಗೆ ನೋಡಿದ್ರ ಬಣ್ಣ ಕಂದು, ವಾಸನಿ ಮಾಯ. ಅಳಿಯಂದ್ರು ಏನೂ ಅನ್ಲಿಲ್ಲ, ಆದ್ರ ಮಾರಿ ಸಣ್ಣದಾತು. ಇದನ್ನ ನೆರಳಾಗ, ಕಿಡಕಿ ಜಾಳಿಗಿ ಮ್ಯಾಲೆ ತೆಳ್ಳಗ ಹರವಿ ಗಾಳಿಗೆ ಒಣಗಿಸಬೇಕು. ನಡುವಿನ ಕಡ್ಡಿ ಬಗ್ಗದ ಲಟಕ್ ಅಂತ ಮುರಿದ್ರ ಒಣಗೇದ ಅಂತ ಅರ್ಥ. ಆಮ್ಯಾಲೆ ಗಾಳಿ ತಗದ ಚೀಲದಾಗ ಕಟ್ಟಿ ಫ್ರೀಜರಿನೊಳಗ. ಎರಡನೇ ಕೊಯ್ಲಿನ 4 ಕಿಲೋ ಹಸೀದು ಒಣಗಿ ಮುಕ್ಕಾಲು ಕಿಲೋ ಆತು. 20 ಲೀಟರ್ ಬೀರಿಗೆ 50ರಿಂದ 100 ಗ್ರಾಂ ಸಾಕು, ಹಂಗಾಗಿ ಅರ್ಧ ಮಂದಿಗೆ ಹಂಚೋದ.

ಇನ್ನ ಮಾಡೋದು ಹೆಂಗ ಅಂತ ಪೂರ್ತಿ ಹೇಳಂಗಿಲ್ಲ, ಒಂದ ಮಾತು ಹೇಳ್ತೀನಿ. ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ ಬಿಸಿನೀರಾಗ ನೆನಸಿ ಸೋಸಿದ್ರ ಸಿಹಿ ನೀರು ಬರ್ತದ. ಅದನ್ನ ಕುದಸಬೇಕಾದ್ರ ಈ ಹೂವು ಹಾಕ್ತಾರ. ತಾಸುಗಟ್ಟಲೆ ಕುದ್ರ ಕಹಿ ಬಿಡ್ತದ, ಇಳಿಸೋ ಮುಂದ ಹಾಕಿದ್ರ ಬರೇ ಘಮ ಬಿಡ್ತದ. ನಾವು ಸಾರಿಗೆ ಕಡೀಕ ಕೊತಂಬರಿ ಹಾಕೋದಿಲ್ಲೇನು, ಹಂಗ. ಮನೀ ಹೂವಿನ ಕಹಿ ಎಷ್ಟದ ಅಂತ ಅಳತಿ ಇರಂಗಿಲ್ಲ, ಅದಕ್ಕ ನಮ್ಮ ಅಳಿಯಂದ್ರು ಅದನ್ನ ಘಮಕ್ಕಷ್ಟ ಹಾಕ್ತಾರ. ನಶೆ ಆಗೋದು ಹೂವಿನಿಂದ ಅಲ್ಲ, ಬಾರ್ಲಿ ಸಿಹಿ ಈಸ್ಟ್ ತಿಂದದ್ದಕ್ಕ. ಹೂವು ಕಹಿ ಕೊಡ್ತದ, ಘಮ ಕೊಡ್ತದ, ಕೆಡದಂಗ ಕಾಯ್ತದ. ಒಂದು ಎಚ್ಚರಿಕಿ: ಕುದ್ದ ಹೂವಿನ ಚರಟ ನಾಯಿ ತಿಂದ್ರ ಮೈ ಸುಡ್ತದ, ಜೀವಾನೂ ಹೋಗಬಹುದು. ಬಾಜೂಮನೀ ನಾಯಿ ಬೇಲಿ ದಾಟಿ ಬರ್ತದ ಅಂತ ಅಳಿಯಂದ್ರು ಅದನ್ನ ಮುಚ್ಚಿದ ಡಬ್ಬಿಗೇ ಹಾಕ್ತಿದ್ರು.

ಅಳಿಯಂದ್ರ ಪುಸ್ತಕದಾಗಿಂದು ಮಗಳು ಇನ್ನೊಂದು ಮಾತು ಓದಿ ಹೇಳಿದ್ಲು. ಹಿಂದಿನ ಕಾಲಕ್ಕ ಇಂಗ್ಲೆಂಡಿನಾಗ ಮನೀ ಬೀರು ಮಾಡೋದು ಹೆಂಗಸರ ಕೆಲಸ ಆಗಿತ್ತಂತ, ರೊಟ್ಟಿ ಬಡದಂಗ. ಹಾಪ್ಸ್ ಇಲ್ಲದ ಅದು ಕೆಲವು ದಿನದಾಗ ಹುಳಿ ಆಗ್ತಿತ್ತು. ಹಾಪ್ಸ್ ಬಂದ ಮ್ಯಾಲೆ ತಿಂಗಳಗಟ್ಟಲೆ ತಾಳ್ಳಿಕ್ಕೆ ಹತ್ತಿತು, ದೂರ ದೂರ ಕಳಸ್ಲಿಕ್ಕೆ ಬಂತು, ದೊಡ್ಡ ವ್ಯಾಪಾರ ಆತು. ವ್ಯಾಪಾರ ಆದ ಕೂಡಲೇ ಅದು ಹೆಂಗಸರ ಕೈ ಬಿಟ್ಟು ಗಂಡಸರ ಕೈಗೆ ಹೋತು. ನಾ ಕೇಳಿ "ಅದೇನು ಹೊಸದಲ್ಲ ಬಿಡು" ಅಂದೆ.

ಈಗ ವೈನಿ ಮಾತಿಗೆ ಬರ್ತೀನಿ. ಬಳ್ಳಿ ಪಾಪದ್ದು ಅನ್ನೋದಾದ್ರ, ಅಣ್ಣ ಕುಡದ ಸಾರಾಯಿ ಆಗಿದ್ದು ಕಬ್ಬಿನ ಕಾಕಂಬಿಯಿಂದ. ಆ ಕಬ್ಬಿನ ಬೆಲ್ಲ ನಾವು ಸಂಕ್ರಮಣಕ್ಕ ಎಳ್ಳಿನ ಜೋಡಿ ಹಂಚತೀವಿ. ಕಬ್ಬಿನ ಮ್ಯಾಲೆ ಇಲ್ಲದ ಸಿಟ್ಟು ಈ ಬಳ್ಳಿ ಮ್ಯಾಲೆ ಯಾಕ? ಆದ್ರ ವೈನಿ ಇದಕ್ಕ ಏನಂತಾರ ಅದೂ ನನಗ ಗೊತ್ತದ. ಕಬ್ಬಿನಿಂದ ಹೋಳಿಗಿನೂ ಆಗ್ತದ, ನಿನ್ನ ಬಳ್ಳಿಯಿಂದ ಬೀರು ಬಿಟ್ಟು ಏನಾಗ್ತದ ಅಂತಾರ. ಖರೇನ ಅದ. ಒಣ ಹೂವು ತಲಿದಿಂಬಿನಾಗ ತುಂಬಿದ್ರ ನಿದ್ದಿ ಬರ್ತದ ಅಂತ ಅಲ್ಲಿ ಹಳೇ ಮಂದಿ ಹೇಳ್ತಾರಂತ, ನಾನೂ ಒಂದು ಸಣ್ಣದು ಹೊಲದೆ. ಆದ್ರ ದಿಂಬಿನ ಸಲುವಾಗಿ ಯಾರೂ ಕಂಬ ನೆಡಂಗಿಲ್ಲ. ನಾ ನೀರು ಹಾಕಿದ್ದು ಬೀರಿನ ಬಳ್ಳಿಗೇ. ಬೆಳಿಸೋ ಕೆಲಸ ನನಗ ಸೇರಿತು, ಕೈಯಾಗ ಮಣ್ಣು ಇಲ್ಲದ ಆರು ತಿಂಗಳು ಆ ದೇಶದಾಗ ಕೂಡ್ಲಿಕ್ಕೆ ನನಗ ಆಗ್ತಿರ್ಲಿಲ್ಲ. ಇದ್ದದ್ದು ಇಷ್ಟ.

"ಮನ್ಯಾಗ ಮಾಡಿದ್ದು ಶುದ್ಧ ಇರ್ತದ ಮೌಶಿ, ಏನೂ ಆಗಂಗಿಲ್ಲ" ಅಂತ ನನ್ನ ಪರವಾಗಿ ಬರದ ಹುಡುಗರಿಗೂ ಹೇಳ್ತೀನಿ, ನಿಮ್ಮ ಮಾತು ನನಗ ವೈನಿ ಮಾತಿಗಿಂತ ಕೆಟ್ಟ ಅನಿಸ್ತು. ಶುದ್ಧ ನಶೆನೂ ನಶೆನ. ಆ ದೇಶದಾಗ 1978ರಾಗ ಕಾಯ್ದೆ ಮಾಡ್ಯಾರ, ಇಬ್ಬರು ದೊಡ್ಡವರಿರೋ ಮನಿಗೆ ವರ್ಷಕ್ಕ 200 ಗ್ಯಾಲನ್, ಅಂದ್ರ ಸುಮಾರು 750 ಲೀಟರ್ ತನಕ ಮಾಡ್ಲಿಕ್ಕೆ ಬರ್ತದ, ಮಾರೂ ಹಂಗಿಲ್ಲ ಅಷ್ಟ. ಕೇಳಿ ನನ್ನ ಎದಿ ಧಸಕ್ ಅಂತು. ಒಂದು ರಾತ್ರಿ ಅಳಿಯಂದ್ರು ಮ್ಯಾಚ್ ನೋಡ್ತಾ ಮೂರನೇ ಬಾಟಲಿ ತಗದ್ರು. ನಾ ಎಣಸ್ತಿದ್ದೆ. ಮರುದಿನ ಚಹಾ ಕೊಟ್ಟು ನೇರ ಕೇಳಿದೆ, "ವಾರಕ್ಕ ಎಷ್ಟು ಕುಡೀತೀರಿ? ನಮ್ಮಣ್ಣ ಹಿಂಗ ಹೋದ, ನನಗ ಅಂಜಿಕಿ ಆಗ್ತದ." ಎರಡು ದಿನ ನನ್ನ ಜೋಡಿ ಮಾತಾಡ್ಲಿಲ್ಲ. ಮಗಳೂ "ಯಾಕವ್ವಾ ಹಿಂಗ" ಅಂದ್ಲು. ಮೂರನೇ ದಿನ ತಾವ ಬಂದು ಇಷ್ಟು ಅಂತ ಹೇಳಿದ್ರು. ಆ ಲೆಕ್ಕ ಇಲ್ಲೆ ಬರಿಯಂಗಿಲ್ಲ, ಅದು ಅವರ ಮನೀದು. ಅವತ್ತಿನಿಂದ ಗ್ಯಾರೇಜಿನ ಕ್ಯಾಲೆಂಡರದಾಗ ಗೀಟು ಹಾಕ್ತಾರ. ಗೀಟು ಕಡಿಮಿ ಆಗ್ಯಾವೋ ಇಲ್ಲೋ, ನಾ ಬಂದ ಮ್ಯಾಲಿಂದು ನನಗ ಗೊತ್ತಿಲ್ಲ.

ವೈನಿ, ಅಣ್ಣನ್ನ ನಾವು ಯಾರೂ ಹಿಂಗ ಕೇಳಲೇ ಇಲ್ಲ. ನೀವು ಗಟಾರಕ್ಕ ಸುರಿದ್ರಿ, ನಾ ಕಾಮಾಲಿ ಅಂದೆ, ಅಪ್ಪ ಸಾಲ ತೀರಿಸಿದ್ರು. ಕೇಳಿದ್ರ ಉಳೀತಿದ್ನೋ ಏನೋ, ಗೊತ್ತಿಲ್ಲ. ಆ ಮನ್ಯಾಗ ಬೀರು ಎದುರಿಗೇ ಇತ್ತು, ಅದಕ್ಕ ನನಗ ಕೇಳ್ಲಿಕ್ಕೆ ಬಂತು. ಅದಕ್ಕ ಫೋಟೋ ಅಳಸು ಅಂತ ನಾ ಮಗಳಿಗೆ ಹೇಳ್ಲಿಲ್ಲ. ಮತ್ತ ಮುಚ್ಚಿಡೋದು ನನ್ನ ಕೈಲೆ ಆಗಂಗಿಲ್ಲ.

ಬರೋವಾಗ ಒಂದು ತುಂಡು ಬೇರು ತರ್ಬೇಕಿತ್ತು ಅಂದ ನಮ್ಮ ತಮ್ಮನ ಮಗನಿಗೆ ಉತ್ತರ: ತರಂಗಿಲ್ಲ. ಬೇರು ಸರ್ಟಿಫಿಕೇಟ್ ಇಲ್ಲದ ವಿಮಾನದಾಗ ತರೂ ಹಂಗಿಲ್ಲ. ತಂದ್ರೂ ಧಾರವಾಡದಾಗ ಬೆಳಿಯಂಗಿಲ್ಲ. ಅದಕ್ಕ ಜೂನ್‌ದಾಗ ಹದಿನೈದು ತಾಸಿನ ಬೆಳಕು ಬೇಕು, ನಮ್ಮಲ್ಲೆ ದೊಡ್ಡ ದಿನ ಅಂದ್ರೂ ಹದಿಮೂರು ತಾಸು. ಚಳಿಗಾಲಕ್ಕ ಬೇರು ಥಂಡಿಯಾಗ ಮಲಗಬೇಕು. ನಮ್ಮ ದೇಶದಾಗ ಹಿಮಾಚಲದ ಲಾಹೌಲದಂಥಾ ಜಾಗಾದಾಗ ಬೆಳಿತಾರ. ಬೆಳದ್ರೂ, ಲೈಸೆನ್ಸ್ ಇಲ್ಲದ ಮನ್ಯಾಗ ಬೀರು ಮಾಡೋದು ನಮ್ಮ ರಾಜ್ಯದಾಗ ಗುನ್ಹೆ. ಹಿತ್ತಲದಾಗ ಕಂಬ ಖಾಲಿ ಇದ್ರ ತೊಂಡಿ ಹಬ್ಬಿಸು, ಬಳ್ಳಿ ನಾ ಕೊಡ್ತೀನಿ.

ಮುಂದಿನ ಐತವಾರ ಅಣ್ಣನ ತಿಥಿ. ನಾ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ ವೈನಿ, ವಡಿಗೆ ಬ್ಯಾಳಿ ನಾನ ರುಬ್ತೀನಿ. ಬೈಯೋದಿದ್ರ ಆವಾಗ ಎದುರಿಗೇ ಬೈರಿ.