ಕಿವಿಗೊಂದು ಕದ

ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು. ಕಿವಿಗೆ ಮಾತ್ರ ಕದವಿಲ್ಲ. ನಾವು ನಿದ್ರಿಸಿದಾಗಲೂ ಅದು ತೆರೆದೇ ಇರುತ್ತದೆ. ಮನೆಯಲ್ಲಿ ಇದರಿಂದ ಅಷ್ಟು ತೊಂದರೆಯಿಲ್ಲವಾದರೂ ದೂರ ಪ್ರಯಾಣದಲ್ಲಿ ಆಯಾಸಕ್ಕೆ ಇದೂ ಒಂದು ಮುಖ್ಯ ಕಾರಣ. ಕೆಲಮಂಗಲ, ಡೆಂಕಣಿಕೋಟೆ, ತಳಿ ಕಡೆಯ ನಮ್ಮ ಮನೆಗಳ ಯುವಕ ಯುವತಿಯರು ಅನೇಕರು ಹೊಸೂರನ್ನೂ ಅತ್ತಿಬೆಲೆಯ ಗಡಿಯನ್ನೂ ದಾಟಿ ದಿನವೂ ಬೆಂಗಳೂರಿಗೆ ಹೋಗಿಬರುತ್ತಾರೆ. ಮತ್ತೆ ಕೆಲವರು ಕಡಲನ್ನೇ ದಾಟಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಆರೈಕೆಗೆಂದೋ ಹಿರಿಯರು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊರಡುತ್ತಾರೆ. ಇಂತಹವರಿಗಾಗಿ ‘ನಾಯ್ಸ್ ಕ್ಯಾನ್ಸಲಿಂಗ್’, ಎಂದರೆ ಸದ್ದಡಗಿಸುವ, ಹೆಡ್‌ಫೋನುಗಳು ಅಂಗಡಿಗಳಿಗೆ ಬಂದಿವೆ. ಅವುಗಳನ್ನು ಕೊಳ್ಳಬೇಕೆ, ಕೊಳ್ಳುವುದಾದರೆ ಏನನ್ನು ನೋಡಬೇಕು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಅದರ ಮರ್ಮವನ್ನು ತಿಳಿಯಬೇಕು. ನಿಶ್ಚಲವಾದ ಕೆರೆಯಲ್ಲಿ ಎರಡು ಕಲ್ಲುಗಳನ್ನು ಎಸೆದರೆ ಎರಡು ಕಡೆಯಿಂದಲೂ ಅಲೆಗಳು ಹರಡುತ್ತವೆ. ಒಂದರ ಉಬ್ಬು ಇನ್ನೊಂದರ ತಗ್ಗನ್ನು ಸೇರಿದ ಜಾಗದಲ್ಲಿ ನೀರು ಕ್ಷಣಕಾಲ ಸಮನಾಗುತ್ತದೆ. ಸದ್ದೂ ಗಾಳಿಯಲ್ಲಿ ಅಲೆಯೇ. ಈ ಹೆಡ್‌ಫೋನಿನಲ್ಲಿ ಪುಟ್ಟ ಮೈಕುಗಳಿದ್ದು, ಅವು ಹೊರಗಿನ ಸದ್ದನ್ನು ಗ್ರಹಿಸುತ್ತವೆ. ಒಳಗಿನ ವಿದ್ಯುನ್ಮಂಡಲವು ಅದಕ್ಕೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಸೃಷ್ಟಿಸಿ ಕಿವಿಯೊಳಗೆ ಬಿಡುತ್ತದೆ. ಉಬ್ಬಿಗೆ ತಗ್ಗು ಕೂಡಿ ಸದ್ದು ಕುಗ್ಗುತ್ತದೆ.

ಆದರೆ ಎಲ್ಲ ಸದ್ದೂ ಈ ಉಪಾಯಕ್ಕೆ ಸಮನಾಗಿ ಮಣಿಯುವುದಿಲ್ಲ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಎಂಜಿನ್ನಿನ ಗುಂಯ್‌ಗುಡುವ ಮಂದ್ರ ಧ್ವನಿ ಸೆಕೆಂಡಿಗೆ 100 ಕಂಪನದ್ದಾದರೆ ಅದರ ಅಲೆಯ ಉದ್ದ 3.4 ಮೀಟರ್. ಮಗುವಿನ ಕೀರಲು ಅಳುವಿನಲ್ಲಿರುವ 3,000 ಕಂಪನದ ಅಲೆಯಾದರೋ ಸುಮಾರು 11 ಸೆಂಟಿಮೀಟರ್ ಮಾತ್ರ. ಉದ್ದನೆಯ ಅಲೆಗೆ ಎದುರಲೆಯನ್ನು ಹೊಂದಿಸುವುದು ಸುಲಭ. ಗಿಡ್ಡ ಅಲೆಗಾದರೆ ಕಣ್ಣೆವೆಯಿಕ್ಕುವುದಕ್ಕಿಂತ ಎಷ್ಟೋ ಕಡಿಮೆ ವಿಳಂಬವಾದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ಬಸ್ಸು, ರೈಲು, ವಿಮಾನಗಳ ಏಕತಾನದ ಮೊರೆತ ಬಹುಮಟ್ಟಿಗೆ ಅಡಗುತ್ತದೆ. ಮಾತು, ಅಳು, ಹಾರನ್ನಿನ ಕೂಗು ಅಷ್ಟಾಗಿ ಅಡಗುವುದಿಲ್ಲ. ಅವುಗಳನ್ನು ತಡೆಯುವುದು ಕಿವಿಯ ಸುತ್ತ ಕೂಡುವ ಮೆತ್ತೆ.

ಈ ಯೋಚನೆ ಹೊಸದಲ್ಲ. ಜರ್ಮನಿಯ ಪಾಲ್ ಲ್ಯೂಗ್ ಎಂಬವರಿಗೆ 1936ರಲ್ಲಿಯೇ ಅಮೆರಿಕದಲ್ಲಿ ಇದರ ಪೇಟೆಂಟ್ ದೊರೆತಿತ್ತು. ಪ್ರಯಾಣಿಕರ ಕಿವಿಗೆ ಅದನ್ನು ತಂದವರಲ್ಲಿ ಅಗ್ರಗಣ್ಯರು ಅಮರ್ ಬೋಸ್. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಪುತ್ರರಾದ ಅವರು ಎಂ.ಐ.ಟಿ. ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ಮರಳುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನ ಸಂಗೀತವನ್ನು ಎಂಜಿನ್ನಿನ ಸದ್ದು ನುಂಗಿಹಾಕಿತು. ಅವರು ಆ ಪ್ರಯಾಣದಲ್ಲಿಯೇ ಲೆಕ್ಕ ಹಾಕತೊಡಗಿದರು. ಅವರ ಕಂಪನಿ ವಿಮಾನ ಚಾಲಕರಿಗಾಗಿ ಇಂತಹ ಸಾಧನವನ್ನು ಮಾರುಕಟ್ಟೆಗೆ ತಂದುದು 1989ರಲ್ಲಿ. ಸಾಮಾನ್ಯ ಪ್ರಯಾಣಿಕರಿಗೆ ಅದು ದೊರೆತುದು 2000ದಲ್ಲಿ.

ಇದು ಶ್ರೀಮಂತರ ವಿಲಾಸವಷ್ಟೇ ಎಂದು ತಳ್ಳಿಹಾಕುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಬಸ್ಸಿನ ಗದ್ದಲದಲ್ಲಿ ಸಾಮಾನ್ಯ ಇಯರ್‌ಫೋನ್ ಹಾಕಿಕೊಂಡವನು ಹಾಡು ಕೇಳಿಸಲೆಂದು ಧ್ವನಿಯನ್ನು ಏರಿಸುತ್ತಾನೆ; ಗದ್ದಲ ಹೆಚ್ಚಿದರೆ ಮತ್ತೂ ಏರಿಸುತ್ತಾನೆ. ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ, ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ. ಧ್ವನಿ 3 ಡೆಸಿಬೆಲ್ ಏರಿದಂತೆಲ್ಲ ಕಾಲಾವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ ಹಾಡು ಕೇಳುವವನು ಎರಡನೆಯ ದಿನವೇ ಆ ಎಲ್ಲೆಯನ್ನು ಮೀರುತ್ತಾನೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸದ್ದಡಗಿಸುವ ಹೆಡ್‌ಫೋನಿನ ನಿಜವಾದ ಉಪಕಾರವಿರುವುದು ಇಲ್ಲಿಯೇ: ಹೊರಗಿನ ಮೊರೆತ ತಗ್ಗಿದುದರಿಂದ ಹಾಡನ್ನು ಮೆಲುದನಿಯಲ್ಲಿಯೇ ಕೇಳಬಹುದು. ಅದನ್ನು ಹಾಕಿಕೊಂಡೂ ಧ್ವನಿಯನ್ನು ಪೂರ್ತಿ ಏರಿಸುವವನಿಗೆ ಅದರಿಂದ ಏನೂ ಫಲವಿಲ್ಲ.

ಇನ್ನು ಆಯ್ಕೆಯ ವಿಚಾರ. ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಎಚ್ಚರಿಕೆಯಿಂದ ಓದಿರಿ. ‘ಎ.ಎನ್.ಸಿ.’ ಎಂದಿದ್ದರೆ ಅದು ನಮ್ಮ ಕಿವಿಗೆ ಬರುವ ಸದ್ದನ್ನು ಅಡಗಿಸುವಂಥದು. ‘ಇ.ಎನ್.ಸಿ.’ ಎಂದು ಮಾತ್ರ ಇದ್ದರೆ, ನಾವು ಫೋನಿನಲ್ಲಿ ಮಾತನಾಡುವಾಗ ಸುತ್ತಲಿನ ಗಲಾಟೆ ಆ ಕಡೆಯವರಿಗೆ ಕೇಳಿಸದಂತೆ ಮಾಡುವ ಏರ್ಪಾಟು. ನಮ್ಮ ಕಿವಿಗೆ ಅದರಿಂದ ಶಾಂತಿಯಿಲ್ಲ. ಈ ಒಂದು ಅಕ್ಷರದ ವ್ಯತ್ಯಾಸವನ್ನು ಅರಿಯದೆ ಹಣ ಕಳೆದುಕೊಳ್ಳಬಾರದು.

ಕಿವಿಯೊಳಗೆ ಇಡುವ ಚಿಕ್ಕವು ಸುಮಾರು 2,000 ರೂಪಾಯಿಗೂ ದೊರೆಯುತ್ತವೆ. ಕಿವಿಯನ್ನು ಪೂರ್ತಿ ಮುಚ್ಚುವ ಉತ್ತಮ ದರ್ಜೆಯವು 25,000 ರೂಪಾಯಿಯನ್ನೂ ಮೀರುತ್ತವೆ. ನಿತ್ಯ ಬಸ್ಸಿಗೆ ಚಿಕ್ಕವು ಸಾಕು. ಆದರೆ ಅವುಗಳ ಬ್ಯಾಟರಿ ಒಂದೇ ಸಮನೆ ಐದಾರು ಗಂಟೆ ಬಂದರೆ ಹೆಚ್ಚು. ಮುಚ್ಚುವ ಬಗೆಯವು 20 ಗಂಟೆಗೂ ಮೇಲೆ ಬಾಳುತ್ತವೆ. ಹದಿನೈದು ಗಂಟೆಯ ವಿಮಾನಯಾನಕ್ಕೆ ಇವೇ ಅನುಕೂಲ. ತಂತಿ ಸಿಕ್ಕಿಸುವ ರಂಧ್ರವಿರುವುದನ್ನೇ ಆರಿಸಿರಿ. ಅನೇಕ ವಿಮಾನಗಳಲ್ಲಿ ಆಸನದ ಮುಂದಿನ ಪರದೆಗೆ ತಂತಿಯ ಮೂಲಕವೇ ಜೋಡಿಸಬೇಕಾಗುತ್ತದೆ, ಬ್ಲೂಟೂತ್ ಎಲ್ಲೆಡೆ ನಡೆಯದು.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಹತ್ತು ಹದಿನೈದು ನಿಮಿಷವಾದರೂ ಧರಿಸಿ ನೋಡಿರಿ. ಕನ್ನಡಕವನ್ನು ಹಾಕಿಕೊಂಡೇ ನೋಡಬೇಕು; ಅದರ ಕಡ್ಡಿ ಮೆತ್ತೆಯನ್ನು ಎತ್ತಿಹಿಡಿದರೆ ಆ ಸಂದಿನಿಂದಲೇ ಮೊರೆತ ಒಳಗೆ ನುಗ್ಗುತ್ತದೆ. ಹೆಂಗಸರು ಜುಮುಕಿಯನ್ನು ತೆಗೆದಿಡುವುದು ಲೇಸು. ಸದ್ದಡಗಿಸುವ ಗುಂಡಿಯನ್ನು ಒತ್ತಿದಾಗ ಕೆಲವರಿಗೆ ಕಿವಿ ಬಿಗಿದಂತೆ, ತಲೆ ತಿರುಗಿದಂತೆ ಆಗುವುದುಂಟು; ಅಂತಹವರಿಗೆ ಬೆಲೆ ಎಷ್ಟೇ ಆಗಲಿ, ಅದು ಒಗ್ಗದು. ವಿಮಾನ ಏರುವಾಗ ಇಳಿಯುವಾಗ ಬರುವ ಕಿವಿನೋವು ಗಾಳಿಯ ಒತ್ತಡದಿಂದಾದುದು. ಅದನ್ನು ಯಾವ ಹೆಡ್‌ಫೋನೂ ನಿವಾರಿಸದು. ಉಗುಳು ನುಂಗುವುದು, ಏನನ್ನಾದರೂ ಜಗಿಯುವುದು ಅದಕ್ಕೆ ಪರಿಹಾರ. ಶ್ರವಣಯಂತ್ರ ಧರಿಸುವವರೂ ಕಿವಿ ಸೋರುವವರೂ ವೈದ್ಯರನ್ನು ಕೇಳಿಯೇ ಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ಅದನ್ನು ಎಲ್ಲಿ ತೆಗೆದಿಡಬೇಕೆಂಬುದನ್ನೂ ಹೇಳದಿರಲಾಗದು. ವಾಹನ ನಡೆಸುವಾಗ, ರಸ್ತೆ ಅಥವಾ ರೈಲು ಹಳಿ ದಾಟುವಾಗ ಕಿವಿ ತೆರೆದಿರಲೇಬೇಕು. ನಮ್ಮ ಸೀಮೆಗೆ ಇನ್ನೊಂದು ಕಾರಣವೂ ಉಂಟು. ರಾಗಿ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ತಳಿ, ಡೆಂಕಣಿಕೋಟೆಯ ಕಾಡುಗಳಿಗೆ ಬಂದು ಹೊಲಗಳಿಗೆ ಇಳಿಯುತ್ತವೆ. ಮುಸ್ಸಂಜೆಯಲ್ಲಿ ಬಸ್ಸಿಳಿದು ಹಳ್ಳಿಗೆ ನಡೆಯುವವನಿಗೆ ಬಿದಿರು ಮುರಿಯುವ ಸದ್ದು, ಅಟ್ಟಣೆಯ ಮೇಲಿನ ಕಾವಲುಗಾರನ ಕೂಗು ಪ್ರಾಣ ಉಳಿಸುವ ಸೂಚನೆಗಳು. ಬಸ್ಸಿನ ಮೆಟ್ಟಿಲಿಳಿಯುವಾಗಲೇ ಹೆಡ್‌ಫೋನು ಚೀಲ ಸೇರಬೇಕು. ಮನೆಯ ಮಕ್ಕಳಿಗೆ ಈ ನಿಯಮವನ್ನು ತಂದೆತಾಯಿಯರು ಕಟ್ಟುನಿಟ್ಟಾಗಿ ಕಲಿಸಲಿ.

ಕೊನೆಯದಾಗಿ ಒಂದು ಮಾತು. ಗಡಿಯೀಚೆಯ ನಮ್ಮ ಮಕ್ಕಳು ಕನ್ನಡವನ್ನು ಪುಸ್ತಕದಿಂದ ಕಲಿಯುವುದು ಸ್ವಲ್ಪ, ಕಿವಿಯಿಂದ ಕಲಿಯುವುದು ಬಹಳ. ಹೊಸೂರಿನ ಬಸ್ಸಿನಲ್ಲಿ ತಮಿಳು, ತೆಲುಗು, ಕನ್ನಡಗಳು ಒಂದೇ ಸಾಲಿನಲ್ಲಿ ಕುಳಿತು ಮಾತನಾಡುತ್ತವೆ. ಪಕ್ಕದ ಅಜ್ಜಿ ಮಳೆಯ ವಿಚಾರ ಹೇಳುತ್ತಾಳೆ. ಹಿಂದಿನ ಆಸನದವರು ಸಂತೆಯ ಬೆಲೆ ಹೇಳುತ್ತಾರೆ. ಎಂಜಿನ್ನಿನ ಮೊರೆತವನ್ನು ಮುಚ್ಚುವುದರಲ್ಲಿ ನಷ್ಟವಿಲ್ಲ. ಈ ಮಾತುಗಳನ್ನು ಇಡೀ ದಾರಿ ಮುಚ್ಚಿದರೆ ನಷ್ಟವುಂಟು. ದೂರದ ಊರಿನ ಹಿರಿಯರಿಗೆ ಇದನ್ನು ಕೊಂಡುಕೊಡುವ ಮಕ್ಕಳು ಗುಂಡಿ ಎಲ್ಲಿದೆ, ಹೇಗೆ ಒತ್ತಬೇಕು, ಯಾವಾಗ ಆರಿಸಬೇಕು ಎಂಬುದನ್ನು ಹೊರಡುವ ವಾರ ಮೊದಲೇ ಪಕ್ಕದಲ್ಲಿ ಕುಳಿತು ತೋರಿಸಿಕೊಡಲಿ. ಪೆಟ್ಟಿಗೆಯೊಳಗಿನ ಸೂಚನಾಪತ್ರದಲ್ಲಿ ಕನ್ನಡವನ್ನು ಕಾಣುವುದು ಅಪರೂಪವಾದುದರಿಂದ ಆ ಕೆಲಸ ಮಕ್ಕಳದೇ.